ಒಮಾನ್ ಸಾಲದ ಹೊಂಡದಿಂದ ಎದ್ದಿದ್ದು ಹೇಗೆ? ಎಣ್ಣೆ ಬೆಲೆಯಿಂದಲೋ, ಬಿಗಿ ಲೆಕ್ಕದಿಂದಲೋ?

ರೂವಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಮಸ್ಕತ್‌ನ ರೂವಿಯಲ್ಲಿ 14 ವರ್ಷ ಅಕೌಂಟೆಂಟ್ ಆಗಿದ್ದೆ. ಈಗ ಕುಂದಾಪುರದಲ್ಲಿದ್ದೇನೆ. ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು, "ಒಮಾನ್‌ಗೇನು, ಎಣ್ಣೆ ಬೆಲೆ ಏರಿತು, ಸಾಲ ತೀರಿತು" ಅಂದರು. ಆ ಮಾತು ನನಗೆ ಮನೆಗೆ ಬಂದರೂ ಬಿಡಲಿಲ್ಲ. ಆ ಸಾಲ ತೀರಿಸುವ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ. ಅಷ್ಟು ಸುಲಭದ ಕತೆ ಅಲ್ಲ ಅದು.

2014ರಲ್ಲಿ ಒಮಾನ್ ಸರ್ಕಾರದ ಸಾಲ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ, 5 ಪ್ರತಿಶತದಷ್ಟೇ ಇತ್ತು. ಸಾಲವೇ ಇಲ್ಲ ಅಂದರೂ ನಡೆಯುತ್ತಿತ್ತು. ಆಮೇಲೆ ಎಣ್ಣೆ ಬೆಲೆ ಬಿತ್ತು. ಸರ್ಕಾರದ ಆದಾಯದಲ್ಲಿ ನೂರಕ್ಕೆ 70ರ ಆಸುಪಾಸು ಎಣ್ಣೆ ಮತ್ತು ಗ್ಯಾಸ್‌ನಿಂದಲೇ ಬರುವ ದೇಶ ಅದು. ಖರ್ಚು ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯಿತು. ವರ್ಷ ವರ್ಷ ಸಾಲ ಎತ್ತಿದರು. 2020ರ ಜನವರಿ 10ರಂದು ಸುಲ್ತಾನ್ ಕಾಬೂಸ್ ತೀರಿಕೊಂಡರು. ಸುಲ್ತಾನ್ ಹೈತಮ್ ಬಂದ ಎರಡೇ ತಿಂಗಳಿಗೆ ಕೊರೊನಾ. ಏಪ್ರಿಲ್‌ನಲ್ಲಿ ಬ್ರೆಂಟ್ ಎಣ್ಣೆ ಬ್ಯಾರೆಲ್‌ಗೆ 20 ಡಾಲರ್‌ಗಿಂತ ಕೆಳಗೆ ಹೋಯಿತು. ಆ ವರ್ಷದ ಕೊನೆಗೆ ಸಾಲ ಜಿಡಿಪಿಯ ಮೂರರಲ್ಲಿ ಎರಡು ಪಾಲು ದಾಟಿತ್ತು.

ಆ ಏಪ್ರಿಲ್ ನನಗೆ ಮರೆಯುವುದಿಲ್ಲ. ಕಂಪನಿಗಳು ನೌಕರರ ಜೊತೆ ಮಾತಾಡಿ ಸಂಬಳ ಇಳಿಸಬಹುದು ಅಂತ ಸರ್ಕಾರ ಹೇಳಿತ್ತು. ನಮ್ಮ ಆಫೀಸಿನಲ್ಲಿ ಆ ಪತ್ರಗಳನ್ನು ಪ್ರಿಂಟ್ ಹಾಕಿದವನು ನಾನೇ. "ನನ್ನ ಒಪ್ಪಿಗೆಯಿಂದ ಸಂಬಳದಲ್ಲಿ 30 ಪ್ರತಿಶತ ಕಡಿತ" ಅಂತ ಒಂದೇ ಸಾಲು, ಕೆಳಗೆ ಸಹಿಗೆ ಜಾಗ. ಗೋಡೌನಿನ ಹುಡುಗರು ಒಬ್ಬೊಬ್ಬರೇ ಬಂದು ಸಹಿ ಹಾಕಿ ಹೋದರು. ಯಾರೂ ಮಾತಾಡಲಿಲ್ಲ. ಕೊನೆಯ ಪತ್ರ ನನ್ನದು.

ಆ ಕಷ್ಟದಿಂದ 2024ರ ಸೆಪ್ಟೆಂಬರ್‌ಗೆ ದೇಶಗಳ ಸಾಲದ ಯೋಗ್ಯತೆ ಅಳೆಯುವ ಎಸ್ ಅಂಡ್ ಪಿ ಸಂಸ್ಥೆ ಒಮಾನ್ ಅನ್ನು ಮತ್ತೆ ನಂಬಿಕೆಗೆ ಅರ್ಹ ಸಾಲಗಾರರ ಸಾಲಿಗೆ ಸೇರಿಸಿತು. 2025ರ ಜುಲೈನಲ್ಲಿ ಮೂಡೀಸ್ ಕೂಡ. ಇದು ಬೆಲೆಯಿಂದಾಯಿತಾ, ಲೆಕ್ಕ ಬಿಗಿ ಮಾಡಿದ್ದರಿಂದಾಯಿತಾ, ಹೊರಗಿನ ದುಡ್ಡಿನಿಂದಾಯಿತಾ? ಗೊತ್ತಿದ್ದವರು ಹೇಳಿ. ನನ್ನ ಮತ ಬಿಗಿ ಲೆಕ್ಕದ ಕಡೆ.

ಬಾಂಡ್ ಓದುಗಿ

ಬೆಂಗಳೂರಿನಲ್ಲಿ ಸಾಲಪತ್ರಗಳ ವಿಶ್ಲೇಷಣೆಯೇ ನನ್ನ ಕೆಲಸ. ಸರ್, ನಿಮ್ಮ ಮಾತನ್ನು ಗೌರವದಿಂದಲೇ ಒಂಚೂರು ತಿದ್ದುತ್ತೇನೆ. ಬೆಲೆಗೆ ನೀವು ಕೊಟ್ಟಿದ್ದಕ್ಕಿಂತ ಜಾಸ್ತಿ ಪಾಲು ಸಲ್ಲಬೇಕು.

ಸಾಲವನ್ನು ಜಿಡಿಪಿಯಿಂದ ಭಾಗಿಸುತ್ತೇವೆ, ಅಲ್ವಾ? ಕೆಳಗಿನ ಸಂಖ್ಯೆ ದೊಡ್ಡದಾದರೆ ಉತ್ತರ ತಾನಾಗೇ ಚಿಕ್ಕದಾಗುತ್ತದೆ. 2020ರಲ್ಲಿ ಒಮಾನ್ ಜಿಡಿಪಿ 3,000 ಕೋಟಿ ರಿಯಾಲ್‌ಗಿಂತ ಸ್ವಲ್ಪ ಕಮ್ಮಿ. ಸಾಲ ಸುಮಾರು 2,000 ಕೋಟಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಎಣ್ಣೆ ಬೆಲೆ ಹಾರಿತು. ಜಿಡಿಪಿ 4,400 ಕೋಟಿ ರಿಯಾಲ್ ಹತ್ತಿರ ಬಂತು. ಒಂದು ಬೈಸಾ (ರಿಯಾಲ್‌ನ ಸಾವಿರದಲ್ಲೊಂದು ಪಾಲು) ಸಾಲ ತೀರಿಸದೆ ಸುಮ್ನೆ ಕೂತಿದ್ದರೂ ಸಾಲದ ಪ್ರಮಾಣ ಜಿಡಿಪಿಯ 45 ಪ್ರತಿಶತದ ಆಸುಪಾಸಿಗೆ ಇಳಿಯುತ್ತಿತ್ತು. ನಿಜವಾಗಿ ಇಳಿದದ್ದು 40ಕ್ಕೆ. ಆ ಎರಡು ವರ್ಷದ ಇಳಿತದಲ್ಲಿ ದೊಡ್ಡ ಪಾಲು ಬೆಲೆಯದ್ದೇ.

ಆದರೆ ಇನ್ನೊಂದು ಸಂಖ್ಯೆ ನಿಮ್ಮ ಕಡೆ ಇದೆ. ಸಾಲದ ಮೊತ್ತ 2021ರ ಕೊನೆಗೆ 2,080 ಕೋಟಿ ರಿಯಾಲ್. 2022ರ ಕೊನೆಗೆ 1,770. 2023ಕ್ಕೆ 1,530. 2024ಕ್ಕೆ 1,440ರ ಹತ್ತಿರ. ಒಂದು ರಿಯಾಲ್ ಅಂದರೆ 2.6 ಡಾಲರ್. ಅಂದರೆ ಮೂರು ವರ್ಷದಲ್ಲಿ 1,600 ಕೋಟಿ ಡಾಲರ್‌ಗೂ ಜಾಸ್ತಿ ತೀರಿಸಿದರು. ಇದಕ್ಕೆ ಜಿಡಿಪಿಯ ಭಾಗಾಕಾರ ಏನೂ ಮಾಡಲಿಲ್ಲ. ಕೈಗೆ ಬಂದ ದುಡ್ಡನ್ನು ಖರ್ಚು ಮಾಡದೆ ಕೊಟ್ಟರು. 2022ರ ಬಜೆಟ್‌ನಲ್ಲಿ ಬ್ಯಾರೆಲ್‌ಗೆ 50 ಡಾಲರ್ ಅಂತ ಲೆಕ್ಕ ಹಾಕಿಕೊಂಡಿದ್ದರು. ಸಿಕ್ಕಿದ್ದು 90ಕ್ಕೂ ಮೇಲೆ.

ಮತ್ರಾ ವ್ಯಾಪಾರಿ

ಅಸ್ಸಲಾಮು ಅಲೈಕುಂ, ನಮಸ್ಕಾರ. ಮೂಲ ಭಟ್ಕಳ. ಮಸ್ಕತ್‌ನ ಹಳೇ ಬಜಾರು ಮತ್ರಾ ಸೂಕ್‌ನಲ್ಲಿ ನಮ್ಮ ತಂದೆ ಕಾಲದಿಂದ ಬಟ್ಟೆ ಅಂಗಡಿ.

ಮೇಡಂ ಹೇಳಿದ ಲೆಕ್ಕ ಸರಿ ಇರಬಹುದು. ನಾನು ಅಂಗಡಿ ಗಲ್ಲಾದಿಂದ ನೋಡಿದ್ದು ಹೇಳುತ್ತೇನೆ. 2011ರಿಂದ 2014ರವರೆಗೂ ಎಣ್ಣೆ 100 ಡಾಲರ್ ಮೇಲೇ ಇತ್ತು. ಆಗ ಯಾಕೆ ದುಡ್ಡು ಉಳಿಯಲಿಲ್ಲ? 2011ರಲ್ಲಿ ಬಂದರು ಊರು ಸೊಹಾರ್‌ನಲ್ಲಿ ಕೆಲಸ ಕೇಳಿ ಹುಡುಗರು ಬೀದಿಗಿಳಿದರು. ಸರ್ಕಾರ 50,000 ಕೆಲಸ ಘೋಷಿಸಿತು. ಸಂಬಳ, ಪಿಂಚಣಿ ಎಲ್ಲ ಏರಿತು. ನಮಗಂತೂ ಒಳ್ಳೇ ವ್ಯಾಪಾರ. ಈದ್ ಮುಂಚಿನ ವಾರ ಅಂಗಡಿ ಬಾಗಿಲು ಹಾಕಲಿಕ್ಕೆ ರಾತ್ರಿ 2 ಗಂಟೆ ಆಗುತ್ತಿತ್ತು. ಆದರೆ ಏರಿದ ಸಂಬಳ ಆಮೇಲೆ ಇಳಿಯುವುದಿಲ್ಲವಲ್ಲ. ಎಣ್ಣೆ ಇಳಿಯಿತು, ಸಂಬಳ ಹಾಗೇ ಉಳಿಯಿತು.

ಈ ಸಲ 2022ರಲ್ಲಿ ಬೆಲೆ ಏರಿದಾಗ ನಾವು ಅದೇ ವ್ಯಾಪಾರ ಕಾದೆವು. ಬರಲಿಲ್ಲ. ದುಡ್ಡು ಬ್ಯಾಂಕಿಗೆ ಹೋಯಿತು, ಬಜಾರಿಗೆ ಬರಲಿಲ್ಲ. ಅದರ ಮೇಲೆ 2021ರ ಏಪ್ರಿಲ್‌ನಿಂದ 5 ಪ್ರತಿಶತ ವ್ಯಾಟ್. ಮರುಭೂಮಿ ಕಡೆಯ ಒಬ್ಬ ಬೆದೂಯಿನ್ ಮುದುಕ ನನ್ನಲ್ಲಿ 30 ವರ್ಷದಿಂದ ತಲೆಗೆ ಸುತ್ತುವ ಮುಸರ್ ಬಟ್ಟೆ ತಗೊಳ್ಳುವವನು. ಮೊದಲ ಸಲ ಬಿಲ್ಲಿನಲ್ಲಿ ಆ ಸಾಲು ನೋಡಿ, "ಇದೇನು?" ಅಂದ. "ಸರ್ಕಾರದ್ದು, ನನ್ನದಲ್ಲ" ಅಂದೆ. ಅವನು ಕೈಯಲ್ಲಿ ಬಿಲ್ ಹಿಡಿದು ತುಂಬಾ ಹೊತ್ತು ನೋಡಿದ. ಆಮೇಲೆ ಕೊಟ್ಟ.

ಅದೇ ಬೆಲೆ ಎರಡು ಸಲ ಬಂತು. ಒಂದು ಸಲ ಖರ್ಚಾಯಿತು, ಇನ್ನೊಂದು ಸಲ ಸಾಲಕ್ಕೆ ಹೋಯಿತು. ಅದಕ್ಕೇ ನಾನು ರೂವಿಯವರ ಮಾತಿಗೆ ಹೂಂ ಅನ್ನುತ್ತೇನೆ.

ರೂವಿ ಲೆಕ್ಕಿಗ

ಭಾಯಿ, ನೀವು ಹೇಳಿದ್ದು ನಾನು ಹೇಳಲಿಕ್ಕೆ ಬಾರದೆ ಒದ್ದಾಡುತ್ತಿದ್ದ ಮಾತು. ಮೇಡಂ, ಭಾಗಾಕಾರದ ವಿಷಯ ಒಪ್ಪಿದೆ. ನಾನು ಬರೀ ಪ್ರತಿಶತ ನೋಡಿ ಖುಷಿಪಟ್ಟಿದ್ದೆ, ಮೊತ್ತ ನೋಡಬೇಕಿತ್ತು.

ಇನ್ನು ಹೊರಗಿನ ದುಡ್ಡಿನ ಕತೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಬಾಂಡ್ ಓದುಗಿ

ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟದ ಭಾಗ.

ಮೊದಲು ಪಕ್ಕದ ಬಹ್ರೇನ್ ನೋಡಿ. 2018ರಲ್ಲಿ ಕೈ ಖಾಲಿಯಾದಾಗ ಸೌದಿ, ಯುಎಇ, ಕುವೈತ್ ಸೇರಿ 1,000 ಕೋಟಿ ಡಾಲರ್ ನೆರವು ಕೊಟ್ಟವು. ಜೊತೆಗೆ ಬಜೆಟ್ ಹೀಗೆ ಸರಿ ಮಾಡಬೇಕು ಅನ್ನುವ ಷರತ್ತು. ಒಮಾನ್ ಆ ದಾರಿಗೆ ಹೋಗಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಸಾಲವನ್ನೂ ತಗೊಳ್ಳಲಿಲ್ಲ, ಸಲಹೆ ಮಾತ್ರ ತಗೊಂಡಿತು.

2017ರಲ್ಲಿ ಚೀನಾದ ಬ್ಯಾಂಕುಗಳ ಗುಂಪಿನಿಂದ 355 ಕೋಟಿ ಡಾಲರ್ ಸಾಲ ಎತ್ತಿದ್ದರು. ಒಮಾನ್ ಎಣ್ಣೆಯ ಬಹುಪಾಲು ಕೊಳ್ಳುವುದು ಚೀನಾವೇ. ಗಿರಾಕಿಯೇ ಸಾಲ ಕೊಟ್ಟ ಹಾಗೆ. 2020ರಲ್ಲಿ ವಿದ್ಯುತ್ ಸಾಗಣೆ ಕಂಪನಿಯ 49 ಪ್ರತಿಶತ ಪಾಲನ್ನು ಚೀನಾದ ಸ್ಟೇಟ್ ಗ್ರಿಡ್‌ಗೆ ಸುಮಾರು 100 ಕೋಟಿ ಡಾಲರ್‌ಗೆ ಮಾರಿದರು. ಇದು ಸಾಲ ಅಲ್ಲ, ಪಾಲು. ತೀರಿಸುವ ಗಡುವು ಇಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕತಾರ್‌ನಿಂದ 100 ಕೋಟಿ ಡಾಲರ್ ಬಂತು. ಸದ್ದಿಲ್ಲದ ನೆರವು, ನಮ್ಮ ಕಡೆಯ ಕೈಸಾಲದ ಹಾಗೆ. 2017ರಲ್ಲಿ ಸೌದಿ, ಯುಎಇ ಎಲ್ಲ ಕತಾರ್‌ಗೆ ದಾರಿ ಮುಚ್ಚಿದಾಗ ಸೊಹಾರ್ ಮತ್ತು ಸಲಾಲಾ ಬಂದರಿನಿಂದಲೇ ಅಲ್ಲಿಗೆ ಸಾಮಾನು ಹೋಗಿತ್ತು. ಆ ಋಣ ಕತಾರ್ ಮರೆತಿರಲಿಲ್ಲ ಅಂತ ನನ್ನ ಅನಿಸಿಕೆ.

ಉಳಿದ ದುಡ್ಡು ಮಾರುಕಟ್ಟೆಯಿಂದ. ಅಕ್ಟೋಬರ್ 2020ರಲ್ಲಿ ಬಾಂಡ್ ಮಾರಿದಾಗ ಏಳು ವರ್ಷದ ಸಾಲಕ್ಕೆ 6.75 ಪ್ರತಿಶತ ಬಡ್ಡಿ ಕೊಡಬೇಕಾಯಿತು. ರಿಯಾಲ್ ಡಾಲರ್‌ಗೆ ಕಟ್ಟಿಹಾಕಿದ ದೇಶಕ್ಕೆ ಅದು ಭಾರೀ ಬಡ್ಡಿ. ಆಗ ನಮ್ಮ ಆಫೀಸಿನಲ್ಲಿ ಒಮಾನ್ ರಿಯಾಲ್ ಬೆಲೆ ಇಳಿಸಬಹುದಾ ಅನ್ನುವುದೇ ಚರ್ಚೆ. 1986ರಿಂದ ಬದಲಾಗದ ದರ ಅದು. ಇಳಿಸಲಿಲ್ಲ.

ರೂವಿ ಲೆಕ್ಕಿಗ

ಆ ಭಯ ರೂವಿಯ ಎಕ್ಸ್‌ಚೇಂಜ್‌ಗಳ ಕ್ಯೂನಲ್ಲೂ ಇತ್ತು. ರಿಯಾಲ್‌ಗೆ ಆಗ 190 ರೂಪಾಯಿ ಆಸುಪಾಸು. "ಇವತ್ತೇ ಕಳಿಸಿಬಿಡು, ನಾಳೆ ರಿಯಾಲ್ ಬಿದ್ದರೆ?" ಅಂತ ಹಿಂದೆ ನಿಂತವರು ಹೇಳುತ್ತಿದ್ದರು. ನಾನೂ ಇದ್ದ ಉಳಿತಾಯ ಅಷ್ಟೂ ಕಳಿಸಿದೆ.

ಕುಡ್ಲದ ಗಿರಣಿ

ಮಾರಾಯ್ರೆ, ಎಲ್ಲ ಸರಿ. ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಸರ್ಕಾರದ ಪುಸ್ತಕದಿಂದ ಹೋದ ಸಾಲ ಎಲ್ಲ ತೀರಿದ್ದಾ, ಇಲ್ಲ ಬೇರೆ ಪುಸ್ತಕಕ್ಕೆ ಹೋದದ್ದಾ? ನಾನು ಕೆಲವು ವರ್ಷ ಫಹೂದ್ ಕಡೆ ಎಣ್ಣೆ ಬಾವಿಯಲ್ಲಿ ಕಾಂಟ್ರಾಕ್ಟರ್ ಕೈಕೆಳಗೆ ಇದ್ದವ.

ಅಲ್ಲಿ ಎಣ್ಣೆ ಜಾಸ್ತಿ ತೆಗೆಯುವುದು ಪಿಡಿಒ ಅನ್ನುವ ಕಂಪನಿ. ಸರ್ಕಾರಕ್ಕೆ 60 ಪಾಲು, ಶೆಲ್‌ಗೆ 34, ಉಳಿದದ್ದು ಟೋಟಲ್ ಮತ್ತು ಇನ್ನೊಂದು ಕಂಪನಿಗೆ. ಸರ್ಕಾರದ ಪಾಲಿನ ಖರ್ಚು ಬಜೆಟ್‌ನಿಂದ ಹೋಗುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಎನರ್ಜಿ ಡೆವಲಪ್‌ಮೆಂಟ್ ಒಮಾನ್ ಅಂತ ಹೊಸ ಕಂಪನಿ ಮಾಡಿ ಆ ಪಾಲನ್ನು ಅದಕ್ಕೆ ಕೊಟ್ಟರು. ಆಮೇಲಿಂದ ಬಾವಿ ಕೊರೆಯುವ ಖರ್ಚು ಆ ಕಂಪನಿಯದ್ದು. ಸಾಲವೂ ಅದರದ್ದು. 2021ರಲ್ಲೇ 250 ಕೋಟಿ ಡಾಲರ್ ಎತ್ತಿದರು. ಬಜೆಟ್ ಹಗುರ ಕಾಣುವುದರಲ್ಲಿ ಇದೂ ಸೇರಿದೆ. ಅದಕ್ಕೇ ಹೇಳುವುದು, ಒಂದೇ ಪುಸ್ತಕ ನೋಡಿ ಲೆಕ್ಕ ಮುಗಿಸಬೇಡಿ.

ಬಾಂಡ್ ಓದುಗಿ

ಒಳ್ಳೇ ಪ್ರಶ್ನೆ. ಸರ್ಕಾರಿ ಕಂಪನಿಗಳ ಸಾಲ ಸೇರಿಸಿದರೆ ಚಿತ್ರ ಅಷ್ಟು ಹೊಳೆಯುವುದಿಲ್ಲ, ನಿಜ. ಆದರೆ ಆ ಕಂಪನಿಗಳನ್ನೂ ಹಾಗೇ ಬಿಡಲಿಲ್ಲ. 2020ರಲ್ಲೇ ಒಮಾನ್ ಹೂಡಿಕೆ ಪ್ರಾಧಿಕಾರ ಮಾಡಿ ಎಲ್ಲವನ್ನೂ ಒಂದು ಸೂರಿನಡಿ ತಂದರು. ಪಾಲು ಮಾರಲು ಶುರು ಮಾಡಿದರು. 2023ರಲ್ಲಿ ಅಬ್ರಾಜ್ ಅನ್ನುವ ಬಾವಿ ಕೊರೆಯುವ ಕಂಪನಿ, ಆಮೇಲೆ ಗ್ಯಾಸ್ ಪೈಪ್‌ಲೈನ್ ಕಂಪನಿ. 2024ರ ಅಕ್ಟೋಬರ್‌ನಲ್ಲಿ ಸರ್ಕಾರಿ ಒಕ್ಯೂ ಗುಂಪಿನ ಎಣ್ಣೆ ಉತ್ಪಾದನೆ ಕಂಪನಿಯ 25 ಪ್ರತಿಶತ ಮಾರಿ ಸುಮಾರು 200 ಕೋಟಿ ಡಾಲರ್ ಎತ್ತಿದರು. ಮಸ್ಕತ್ ಷೇರುಪೇಟೆಯಲ್ಲಿ ಅಷ್ಟು ದೊಡ್ಡದು ಹಿಂದೆ ಆಗಿರಲಿಲ್ಲ.

ನಮ್ಮ ದೇಶದ ದುಡ್ಡೂ ಈ ಕತೆಯಲ್ಲಿ ಇದೆ. ಮಧ್ಯಪ್ರದೇಶದ ಬೀನಾ ರಿಫೈನರಿಯಲ್ಲಿ ಒಮಾನ್‌ಗೆ 36 ಪ್ರತಿಶತಕ್ಕೂ ಮೇಲೆ ಪಾಲಿತ್ತು. 2021ರಲ್ಲಿ ಭಾರತ್ ಪೆಟ್ರೋಲಿಯಂ ಅದನ್ನು ಸುಮಾರು 2,400 ಕೋಟಿ ರೂಪಾಯಿಗೆ ಕೊಂಡಿತು. ಕಷ್ಟದ ವರ್ಷದಲ್ಲಿ ಹೊರಗಿನ ಆಸ್ತಿ ಮಾರಿ ಮನೆ ನಡೆಸಿದರು ಅನ್ನಬಹುದು. ಇದಕ್ಕಿಂತ ಹಳೆಯದು ಸೂರ್ ಊರಿನ ಯೂರಿಯಾ ಕಾರ್ಖಾನೆ. ಅರ್ಧ ಒಮಾನ್‌ದು, ಅರ್ಧ ನಮ್ಮ ಇಫ್ಕೋ ಮತ್ತು ಕ್ರಿಭ್ಕೋದ್ದು. ಅಲ್ಲಿನ ಗ್ಯಾಸ್ ಇಲ್ಲಿನ ಹೊಲಕ್ಕೆ ಗೊಬ್ಬರವಾಗಿ ಬಂದಿದೆ.

ಸೊಹಾರ್ ಟೀಚರಮ್ಮ

ತುಂಬಾ ಹೊತ್ತಿಂದ ಓದುತ್ತಿದ್ದೇನೆ. ನಾನು ಸೊಹಾರ್‌ನಲ್ಲಿ 18 ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಊರು ಉಡುಪಿ ಹತ್ತಿರ. ಇಷ್ಟೂ ಮಾತಿನಲ್ಲಿ ಒಮಾನಿಗಳು ಎಲ್ಲಿ?

2021ರ ಮೇ ತಿಂಗಳಲ್ಲಿ ಇಲ್ಲಿ ಮತ್ತೆ ಹುಡುಗರು ಕೆಲಸ ಕೇಳಿ ಬೀದಿಗೆ ಬಂದರು. ನನ್ನ ಪಕ್ಕದ ಮನೆಯ ಹುಡುಗ ಅದರಲ್ಲಿ ಇದ್ದ. ಡಿಪ್ಲೊಮಾ ಮುಗಿಸಿ ಮೂರು ವರ್ಷ ಮನೆಯಲ್ಲೇ ಇದ್ದ ಹುಡುಗ. ಅವನ ಅಮ್ಮ ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ನಾನು ಚಹಾ ಮಾಡಿ ತಗೊಂಡು ಹೋದೆ. ಲೋಟ ಕೈಯಲ್ಲೇ ಆರಿತು.

ಆಗಲೂ ಸರ್ಕಾರ 32,000 ಕೆಲಸ ಅಂತ ಹೇಳಿತು. ಆದರೆ 2011ರ ಹಾಗೆ ಎಲ್ಲವನ್ನೂ ಸರ್ಕಾರದ ಸಂಬಳದ ಮೇಲೆ ಹಾಕಲಿಲ್ಲ. ಖಾಸಗಿ ಕಂಪನಿ ಹೊಸಬರನ್ನು ತಗೊಂಡರೆ ತಿಂಗಳಿಗೆ 200 ರಿಯಾಲ್ ಸರ್ಕಾರ ಕೊಡುವ ಏರ್ಪಾಡೂ ಸೇರಿತ್ತು. ಆ ಹುಡುಗನಿಗೆ ಹೀಗೇ ಬಂದರಿನ ಕಡೆ ಕೆಲಸ ಸಿಕ್ಕಿತು.

ಸಬ್ಸಿಡಿ ಇಳಿಸಿ ಕರೆಂಟ್ ಬಿಲ್ ಏರಿದ್ದು ಎಲ್ಲರಿಗೂ ತಟ್ಟಿತು. 48 ಡಿಗ್ರಿಯಲ್ಲಿ ಎಸಿ ಇಲ್ಲದೆ ಇರಲು ಆಗುತ್ತದಾ? ಕೂಗು ಜಾಸ್ತಿಯಾದಾಗ ಸಬ್ಸಿಡಿ ಇಳಿಸುವ ವೇಗ ಕಮ್ಮಿ ಮಾಡಿದರು. ಪೆಟ್ರೋಲ್‌ಗೂ 2021ರ ನವೆಂಬರ್‌ನಿಂದ ಒಂದು ಮಿತಿ ಹಾಕಿದರು. ಸಾದಾ ಪೆಟ್ರೋಲ್ ಲೀಟರ್‌ಗೆ 229 ಬೈಸಾ. ಮುಂದೆ ಉಕ್ರೇನ್ ಯುದ್ಧದಲ್ಲಿ ಜಗತ್ತೆಲ್ಲ ಏರಿದಾಗಲೂ ನಮ್ಮ ಪಂಪಿನ ಬೋರ್ಡ್ ಮೇಲೆ ಅದೇ 229. 2024ರಿಂದ 18 ವರ್ಷದ ಒಳಗಿನ ಪ್ರತಿ ಒಮಾನಿ ಮಗುವಿಗೆ ತಿಂಗಳಿಗೆ 10 ರಿಯಾಲ್, 60 ದಾಟಿದವರಿಗೆ 115 ರಿಯಾಲ್ ಬರುತ್ತಿದೆ. ಪಕ್ಕದ ಮನೆಯ ಅಮ್ಮನಿಗೂ ಬರುತ್ತದೆ. ಅದರಲ್ಲಿ ಅವರು ಮೊದಲು ಕೊಂಡದ್ದು ಮೊಮ್ಮಗಳಿಗೆ ಶಾಲೆ ಚೀಲ. ಬಿಗಿ ಲೆಕ್ಕ ಅಂದಾಗ ಇದನ್ನೂ ಸೇರಿಸಿ ಹೇಳಿ. ಬರೀ ಕಡಿತ ಮಾಡಿದ್ದರೆ ಆ ಮನೆಗಳು ತಡೆದುಕೊಳ್ಳುತ್ತಿರಲಿಲ್ಲ.

ರೂವಿ ಲೆಕ್ಕಿಗ

ಟೀಚರ್, ನೀವು ಹೇಳಿದ್ದು ನನಗೆ ಹೊಸದು. ನಾನಿದ್ದದ್ದು ನಮ್ಮವರ ನಡುವೆಯೇ. ಒಮಾನಿ ಮನೆಯೊಳಗೆ ಹೋಗಿದ್ದು ಎರಡೋ ಮೂರೋ ಸಲ.

ನಮ್ಮವರ ಲೆಕ್ಕವನ್ನೂ ಬರೆಯಲೇಬೇಕು. 2020ರ ಏಪ್ರಿಲ್‌ನಲ್ಲಿ ಸರ್ಕಾರಿ ಕಂಪನಿಗಳಿಗೆ ವಿದೇಶಿಯರ ಜಾಗದಲ್ಲಿ ಒಮಾನಿಗಳನ್ನು ತನ್ನಿ ಅಂತ ಸುತ್ತೋಲೆ ಬಂತು. ತಮ್ಮ ಜನಕ್ಕೆ ಕೆಲಸ ಕೊಡುವುದು ತಪ್ಪಲ್ಲ, ಅದನ್ನು ನಾನು ಮನಸ್ಸಿನಿಂದಲೇ ಒಪ್ಪುತ್ತೇನೆ. ಆದರೆ ಒಂದು ವರ್ಷದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ವಿದೇಶಿ ಕೆಲಸಗಾರರು ಅಲ್ಲಿಂದ ಹೊರಟರು. ಅದರಲ್ಲಿ ನಮ್ಮ ಗೋಡೌನಿನ ಹುಡುಗರೂ ಇದ್ದರು. ಒಬ್ಬ ಬೈಂದೂರಿನವನು, ಮನೆ ಕಟ್ಟಲು ಅರ್ಧ ಗೋಡೆ ಎಬ್ಬಿಸಿ ನಿಲ್ಲಿಸಿದ್ದ. ಅವನ ಸೆಟ್ಲ್‌ಮೆಂಟ್ ನಾನೇ ಮಾಡಿದೆ. ಕೊನೆಯ ಸಂಬಳವನ್ನು ಇಳಿಸಿದ ಮೊತ್ತದಲ್ಲಿ ಹಿಡಿದು ಗ್ರ್ಯಾಚುಯಿಟಿ ಲೆಕ್ಕ ಹಾಕು ಅಂತ ಮೇಲಿನಿಂದ ಹೇಳಿದರು. ನಾನು ಹಳೆಯ ಸಂಬಳದಲ್ಲೇ ಕೊಡಬೇಕು ಅಂತ ಎರಡು ಸಲ ಬರೆದು ಕೊಟ್ಟೆ. ಆಗಲಿಲ್ಲ. ಆ ಫೈಲ್ ಮುಚ್ಚಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಒಂದು ಒಳ್ಳೆಯದೂ ಆಯಿತು. 2021ರ ಜನವರಿಯಿಂದ ಎನ್‌ಒಸಿ ತೆಗೆದರು. ಅಲ್ಲಿಯವರೆಗೆ ಹಳೆಯ ಮಾಲೀಕ ಒಪ್ಪದಿದ್ದರೆ ಎರಡು ವರ್ಷ ಬೇರೆ ಕಡೆ ಸೇರುವಂತಿರಲಿಲ್ಲ. ಅದು ಹೋದದ್ದು ದುಡಿಯುವವರಿಗೆ ದೊಡ್ಡ ಬಿಡುಗಡೆ.

ದಾವಣಗೆರೆ ಎಂಜಿನಿಯರ್

ಅಣ್ಣ, ಅಕ್ಕ ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಓದಿದ್ದೇನೆ, ನಾಲ್ಕು ವರ್ಷ ಅನುಭವ. ದುಕ್ಮ್‌ನಲ್ಲಿ ರಿಫೈನರಿ ಮೆಂಟೆನೆನ್ಸ್ ಕೆಲಸಕ್ಕೆ ಆಫರ್ ಬಂದಿದೆ. ಮನೆಯಲ್ಲಿ ಅಪ್ಪ, "ಆ ದೇಶ ಸಾಲದಲ್ಲಿ ಮುಳುಗಿತ್ತಲ್ಲ" ಅಂತ ಹಿಂಜರಿಯುತ್ತಿದ್ದಾರೆ. ನಿಮ್ಮ ಮಾತೆಲ್ಲ ಅವರಿಗೆ ಓದಿ ಹೇಳಿದೆ. ಎಣ್ಣೆ ಮತ್ತೆ ಬಿದ್ದರೆ ಏನಾಗುತ್ತದೆ? ಹೋಗಬಹುದಾ?

ಕುಡ್ಲದ ಗಿರಣಿ

ದುಕ್ಮ್ ಮಸ್ಕತ್‌ನಿಂದ ಸುಮಾರು 550 ಕಿಲೋಮೀಟರ್. ಮೊದಲು ಮೀನುಗಾರರ ಹಳ್ಳಿ, ಈಗ ಬಂದರು, ಹಡಗು ರಿಪೇರಿಯ ಡ್ರೈ ಡಾಕ್, ರಿಫೈನರಿ. ದಾರಿಯುದ್ದಕ್ಕೂ ಬಯಲು. ಗಾಳಿ ಮಾತ್ರ ಒಳ್ಳೇದು, ಮಸ್ಕತ್‌ನ ಸೆಕೆ ಅಲ್ಲಿಲ್ಲ.

ಆ ರಿಫೈನರಿ ಒಮಾನ್ ಮತ್ತು ಕುವೈತ್ ಸಮಪಾಲಿನದ್ದು. ದಿನಕ್ಕೆ 2,30,000 ಬ್ಯಾರೆಲ್. 2024ರ ಫೆಬ್ರವರಿಯಲ್ಲಿ ಸುಲ್ತಾನರು, ಕುವೈತ್ ಅಮೀರರು ಇಬ್ಬರೂ ಬಂದು ಉದ್ಘಾಟಿಸಿದರು. ಇಂಥ ಕಡೆ ಕುವೈತ್‌ನ ದುಡ್ಡೂ ಕುವೈತ್‌ನ ಎಣ್ಣೆಯೂ ಇರುತ್ತದೆ. ಒಮಾನ್ ಬಜೆಟ್ ಒಂದು ವರ್ಷ ಕೆಟ್ಟರೆ ಮರುದಿನ ಬೀಗ ಬೀಳುವುದಿಲ್ಲ.

ಬಾಂಡ್ ಓದುಗಿ

ಎಣ್ಣೆ ಬಿದ್ದರೆ ಪೆಟ್ಟು ಬಿದ್ದೇ ಬೀಳುತ್ತದೆ, ಮುಚ್ಚಿಡುವುದಿಲ್ಲ. ಆದರೆ 2014ಕ್ಕೂ ಈಗಿಗೂ ವ್ಯತ್ಯಾಸ ಇದೆ. ಆಗ ಅವರಿಗೆ ವ್ಯಾಟ್ ಇರಲಿಲ್ಲ. ಈಗ ಇದೆ. 2028ರ ಜನವರಿಯಿಂದ ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ 5 ಪ್ರತಿಶತ ತೆರಿಗೆ ಬರುತ್ತದೆ. ಕೊಲ್ಲಿ ದೇಶಗಳಲ್ಲಿ ಇದೇ ಮೊದಲು. ನೂರರಲ್ಲಿ ಒಬ್ಬರಿಗೆ ತಟ್ಟುವಂಥದ್ದು, ಮೊತ್ತ ದೊಡ್ಡದಲ್ಲ. ಆದರೆ ಸಾಲದ ಕಷ್ಟ ಕಳೆದ ಮೇಲೂ ಇಂಥ ಕಾನೂನು ತಂದರಲ್ಲ, ಅದು ನನಗೆ ಧೈರ್ಯ ಕೊಡುತ್ತದೆ. 2025ರ ಡಿಸೆಂಬರ್‌ನಲ್ಲಿ ಭಾರತದ ಜೊತೆ ವ್ಯಾಪಾರ ಒಪ್ಪಂದಕ್ಕೂ ಮಸ್ಕತ್‌ನಲ್ಲಿ ಸಹಿ ಆಯಿತು.

ರೂವಿ ಲೆಕ್ಕಿಗ

ತಮ್ಮಾ, ದೇಶದ ಲೆಕ್ಕ ಮೇಡಂ ಹೇಳಿದರು. ನಿನ್ನ ಆಫರ್ ಲೆಟರ್‌ನ ಲೆಕ್ಕ ನಾನು ಹೇಳುತ್ತೇನೆ. ಮೂರು ವಿಷಯ ಕೇಳು. ಸಂಬಳ ಕೊಡುವವರು ರಿಫೈನರಿಯವರಾ, ಕಾಂಟ್ರಾಕ್ಟರಾ, ಅವನ ಕೆಳಗಿನ ಸಬ್ ಕಾಂಟ್ರಾಕ್ಟರಾ? ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು? ಗ್ರ್ಯಾಚುಯಿಟಿ ಬೇಸಿಕ್ ಮೇಲೆಯೇ ನಿಲ್ಲುತ್ತದೆ, ಬೇಸಿಕ್ ಕಮ್ಮಿ ಇಟ್ಟು ಅಲೋವೆನ್ಸ್ ಜಾಸ್ತಿ ಹಾಕಿದರೆ ಕೊನೆಗೆ ನಿನಗೇ ನಷ್ಟ. ನಿನ್ನ ಹುದ್ದೆ ಒಮಾನಿಗಳಿಗೆ ಮೀಸಲಾದ ಪಟ್ಟಿಯಲ್ಲಿ ಇದೆಯಾ? ಉತ್ತರ ಫೋನಿನಲ್ಲಿ ಬೇಡ, ಮೇಲ್‌ನಲ್ಲಿ ತಗೋ.

ದಾವಣಗೆರೆ ಎಂಜಿನಿಯರ್

ಅಣ್ಣ, ಕೇಳಿದೆ. ಎರಡು ದಿನ ಬಿಟ್ಟು ಮೇಲ್ ಬಂತು. ಕಾಂಟ್ರಾಕ್ಟರ್ ನೇರವಾಗಿ ತಗೊಳ್ಳುತ್ತಾರೆ, ಸಬ್ ಯಾರೂ ಇಲ್ಲ. ಹುದ್ದೆ ಪಟ್ಟಿಯಲ್ಲಿಲ್ಲ. ಬೇಸಿಕ್ ಮಾತ್ರ ನೀವು ಹೇಳಿದ ಹಾಗೇ ಕಮ್ಮಿ ಇಟ್ಟಿದ್ದರು. ಅಲೋವೆನ್ಸ್‌ನಿಂದ 60 ರಿಯಾಲ್ ತೆಗೆದು ಬೇಸಿಕ್‌ಗೆ ಹಾಕಿ ಅಂತ ಬರೆದೆ, ಒಪ್ಪಿದರು. ಆ ಮೇಲ್ ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮೆಡಿಕಲ್‌ಗೆ ಯಾವಾಗ ಹೋಗಬೇಕು ಅಂತ ಕೇಳಿದರು.

ಸೊಹಾರ್ ಟೀಚರಮ್ಮ

ಹೋಗುವಾಗ ಒಂದು ವಾರ ಮೊದಲೇ ತಿಳಿಸು ಮಗಾ. ಮಸ್ಕತ್‌ನಲ್ಲಿ ಇಳಿದ ರಾತ್ರಿ ನಮ್ಮ ತಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ದುಕ್ಮ್ ಬಸ್ ಹತ್ತಬಹುದು.